ಒಂದು ಹೆಸರು, ಎರಡು ಮೀನು

ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡನ್ನು ಬೇರೆಬೇರೆಯೆಂದು ತಿಳಿಯುವ ವಿದ್ಯೆಯನ್ನು ಮಂಡ್ಯದ ಸೀಮೆಯ ಒಕ್ಕಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭತ್ತದ ಗದ್ದೆಯಲ್ಲಿ ಭತ್ತದ ಪೈರನ್ನೇ ಹೋಲುವ ಕಳೆಯೊಂದು ಬೆಳೆಯುತ್ತದೆ. ತೆನೆ ಹೊರಡುವವರೆಗೂ ಪೇಟೆಯವರ ಕಣ್ಣಿಗೆ ಎರಡೂ ಒಂದೇ ಹಸುರು. ಕಳೆ ಕೀಳಲು ಗದ್ದೆಗಿಳಿದ ಹೆಂಗಸು ಮಾತ್ರ ಬಗ್ಗಿದ ಬೆನ್ನನ್ನು ಮೇಲೆತ್ತದೆಯೇ ಒಂದನ್ನು ಬಿಟ್ಟು ಇನ್ನೊಂದನ್ನು ಕಿತ್ತು ಬದುವಿಗೆ ಎಸೆಯುತ್ತಾಳೆ. ಈ ವಿವೇಕವೊಂದು ತಪ್ಪಿದರೆ ಆ ವರ್ಷದ ಅನ್ನವೇ ತಪ್ಪುತ್ತದೆಂಬುದು ಆಕೆಗೆ ಗೊತ್ತು.

ನೆಲದ ಮೇಲೆ ಇಷ್ಟು ಚೆನ್ನಾಗಿ ನಡೆಯುವ ಈ ವಿವೇಕ ನೀರಿನ ಅಂಚಿಗೆ ಬಂದಾಗ ತಡವರಿಸುತ್ತದೆ. ನೀರು ತನ್ನೊಳಗಿನದನ್ನು ಮರೆಮಾಡುತ್ತದೆ. ಮೇಲೆ ತೆಗೆದರೆ ಅದರ ಬಣ್ಣ ಕೆಡುತ್ತದೆ, ಆಕಾರ ಕುಗ್ಗುತ್ತದೆ. ಅದೇ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ಕಾವೇರಿಯಲ್ಲಿ, ಲೋಕಪ್ರಸಿದ್ಧವಾದ ಒಂದು ಮೀನು ಇಂಥ ತಡವರಿಕೆಯಿಂದಾಗಿ ನಮ್ಮ ಕಣ್ಣೆದುರಿಗೇ ಕಾಣೆಯಾಗುತ್ತ ಬಂದ ಚರಿತ್ರೆಯಿದೆ. ಆ ಮೀನಿಗೆ ಕೀರ್ತಿಯೇನೋ ಬೇಕಾದಷ್ಟಿತ್ತು. ಇಲ್ಲದಿದ್ದುದು ತನ್ನದೇ ಆದ ಒಂದು ಹೆಸರು.

ಮದ್ದೂರಿನ ಸೇತುವೆಯ ಕೆಳಗೆ ಹರಿಯುವ ಶಿಂಷೆಯನ್ನು ಬೆಂಗಳೂರು–ಮೈಸೂರುಗಳ ನಡುವೆ ಓಡಾಡುವವರೆಲ್ಲರೂ ಕಂಡಿರುತ್ತಾರೆ. ತುಮಕೂರಿನ ಕಡೆಯ ಬೆಟ್ಟಗಳಲ್ಲಿ ಹುಟ್ಟಿದ ಈ ಹೊಳೆ ಮದ್ದೂರನ್ನು ಹಾದು ಮಳವಳ್ಳಿ ತಾಲ್ಲೂಕಿಗಿಳಿದು, ಶಿವನಸಮುದ್ರದ ಜಲಪಾತಗಳ ಕೆಳಗೆ ಕಾವೇರಿಯನ್ನು ಸೇರುತ್ತದೆ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರ ಎಲ್ಲರಿಗೂ ಗೊತ್ತು. ಅಲ್ಲಿಂದ ಕೆಳಗಿನ ಕಾವೇರಿಯನ್ನು ಬಲ್ಲವರು ಕಡಿಮೆ. ಗಗನಚುಕ್ಕಿಯಲ್ಲಿ ಧುಮುಕಿದ ನದಿ ಅಲ್ಲಿಂದ ಮುಂದೆ ಊರುಗಳನ್ನು ಬಿಟ್ಟು ಕಾಡಿನ ಕೊರಕಲಿನಲ್ಲಿ ನುಗ್ಗುತ್ತದೆ. ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ, ಸಂಗಮ, ಮೇಕೆದಾಟು — ಇವು ಆ ದಾರಿಯ ತಂಗುದಾಣಗಳು. ಬಂಡೆಗಳ ನಡುವೆ ನೊರೆಯಾಗಿ ಹಾರುವ ನೀರು; ಅದರ ಬೆನ್ನಿಗೇ ಸದ್ದಿಲ್ಲದ ಆಳವಾದ ಮಡು. ಸೀತಾದೇವಿಯ ಮೂಗುತಿಯ ಮುತ್ತು ಇಂಥದೊಂದು ಮಡುವಿಗೆ ಬಿತ್ತೆಂದೂ, ಹನುಮಂತ ಬಾಲವಿಳಿಬಿಟ್ಟು ಅದನ್ನು ಎತ್ತಿಕೊಟ್ಟನೆಂದೂ, ಅದರಿಂದಲೇ ಮುತ್ತತ್ತಿಗೆ ಆ ಹೆಸರು ಬಂದಿತೆಂದೂ ಅಲ್ಲಿಯ ಜನ ಹೇಳುತ್ತಾರೆ.

ಈ ಮಡುಗಳ ಒಡೆಯನೇ ಮಹಶೀರ್. ಗೆಂಡೆಯ ಜಾತಿಗೆ ಸೇರಿದ ದೊಡ್ಡ ಮೀನು; ಅಂಗೈಯಗಲದ ಹುರುಪೆ, ಬಾಯಿಯ ಬದಿಗೆ ಎರಡು ಜೊತೆ ಮೀಸೆ. ಬಾಯಲ್ಲಿ ಹಲ್ಲಿಲ್ಲ. ಆದರೆ ಗಂಟಲಿನಲ್ಲಿರುವ ಹಲ್ಲುಗಳಿಂದ ಏಡಿ, ಶಂಖದ ಹುಳುಗಳನ್ನು ಚಿಪ್ಪುಸಹಿತ ಪುಡಿಮಾಡಬಲ್ಲದು. ಕಾವೇರಿಯ ದಂಡೆಯ ಕೆಲವೆಡೆ ಇದನ್ನು ‘ಬಿಳಿ ಮೀನು’ ಎನ್ನುವುದುಂಟು. ಶೃಂಗೇರಿಯ ತುಂಗೆಯಲ್ಲೂ ಕಾವೇರಿಯ ದಡದ ರಾಮನಾಥಪುರದಲ್ಲೂ ಯಾತ್ರಿಕರು ಪುರಿ ಎರಚಿದಾಗ ಗುಂಪುಗುಂಪಾಗಿ ಮೇಲೇಳುವ ದೇವರ ಮೀನುಗಳಲ್ಲಿ ಮಹಶೀರ್ ಕುಲದವೂ ಇವೆ.

ಕನ್ನಡ ನಾಡಿಗೆ ದೊಡ್ಡ ಮೀನುಗಳ ಪರಿಚಯ ನೆನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಮೀನುಗಳ ಬಗೆಗಳು, ಅವಕ್ಕೆ ಹಾಕತಕ್ಕ ಆಹಾರ, ಗಾಳ, ದಾರ — ಎಲ್ಲವನ್ನೂ ಅದರಲ್ಲಿ ಹೇಳಿದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ೧೯೫೧ರಲ್ಲಿ ಈ ಭಾಗವನ್ನು ಕುರಿತು ಪಾಂಡಿತ್ಯಪೂರ್ಣವಾದ ಲೇಖನವನ್ನು ಬರೆದರು. ಆಟಕ್ಕಾಗಲಿ ಊಟಕ್ಕಾಗಲಿ ಮೀನು ಹಿಡಿಯುವವನು ಮೊದಲು ಮೀನಿನ ಬಗೆಯನ್ನು ಅರಿಯಬೇಕೆಂಬುದು ಎಂಟು ನೂರು ವರ್ಷಗಳಿಗೂ ಹಿಂದೆ ನಮ್ಮ ದೊರೆಯೊಬ್ಬನಿಗೆ ತಿಳಿದಿದ್ದ ಸಂಗತಿ.

ಹೊಸ ಕಾಲದ ವಿಜ್ಞಾನ ಈ ಕೆಲಸವನ್ನು ಕೈಗೆತ್ತಿಕೊಂಡಾಗ ಗೊಂದಲ ಆರಂಭವಾಯಿತು. ದಖನ್ನಿನ ಅಂಕಿಅಂಶಗಳನ್ನು ಕಲೆಹಾಕುವ ಕೆಲಸದಲ್ಲಿದ್ದ ಕರ್ನಲ್ ಸೈಕ್ಸ್ ಎಂಬ ಸೈನ್ಯಾಧಿಕಾರಿ ೧೮೩೯ರಲ್ಲಿ ಪುಣೆಯ ಸುತ್ತಿನ ಹೊಳೆಗಳ ಮೀನುಗಳನ್ನು ವರ್ಣಿಸುತ್ತ, ಒಂದಕ್ಕೆ ‘ಖುದ್ರೀ’ ಎಂದೂ ಇನ್ನೊಂದಕ್ಕೆ ‘ಮುಸುಲ್ಲಾ’ ಎಂದೂ ಹೆಸರಿಟ್ಟ. ಇವೆರಡೂ ಕೃಷ್ಣಾ ಕೊಳ್ಳದ ಮೀನುಗಳು. ಹತ್ತು ವರ್ಷಗಳ ಮೇಲೆ, ೧೮೪೯ರಲ್ಲಿ, ಜರ್ಡನ್ ಎಂಬ ವೈದ್ಯ ಮಲಬಾರಿನ ಬೆಟ್ಟದ ತೊರೆಗಳ ಮೀನೊಂದಕ್ಕೆ ‘ಮಲಬಾರಿಕಸ್’ ಎಂಬ ಹೆಸರು ಕೊಟ್ಟ. ೧೮೭೦ರ ದಶಕದಲ್ಲಿ ಭಾರತದ ಮೀನುಗಳ ಮಹಾಗ್ರಂಥವನ್ನು ರಚಿಸಿದ ಫ್ರಾನ್ಸಿಸ್ ಡೇ ಮಹಶೀರಿನ ಹಲವು ಬಗೆಗಳನ್ನು ಒಂದೇ ಹೆಸರಿನ ಕೆಳಗೆ ಕೂಡಿಸಿಬಿಟ್ಟ. ಹೀಗೆ ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಕೂಡಿಸುತ್ತ ನೂರು ವರ್ಷ ಕಳೆಯಿತು. ಈ ಗದ್ದಲದಲ್ಲಿ ಕಾವೇರಿಯ ದೈತ್ಯನಿಗೆ ಬೇರೆಯೇ ಒಂದು ಹೆಸರು ಬೇಕಾದೀತೆಂಬ ಮಾತು ಯಾರಿಗೂ ಹೊಳೆಯಲಿಲ್ಲ.

ಗಾಳ ಹಾಕುವವರಿಗೆ ಈ ಹೆಸರುಗಳ ಗೊಡವೆಯಿರಲಿಲ್ಲ. ಮದರಾಸು ಸರಕಾರದ ಸೇವೆಯಲ್ಲಿದ್ದು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ೧೮೭೩ರಲ್ಲಿ ಭಾರತದ ಗಾಳದ ಬೇಟೆಯನ್ನು ಕುರಿತು ಪುಸ್ತಕ ಬರೆದು, ತನ್ನ ನಾಡಿನ ಸಾಲ್ಮನ್ ಮೀನಿಗಿಂತ ಮಹಶೀರಿನ ಕಸುವು ಮಿಗಿಲೆಂದು ಸಾರಿದ. ಅಂದಿನಿಂದ ಬಿಳಿಯ ಅಧಿಕಾರಿಗಳು ಗಾಳದ ಕೋಲು ಹಿಡಿದು ಮೈಸೂರು ಸೀಮೆಯ ಹೊಳೆಗಳಿಗೆ ಬರುವುದು ಹೆಚ್ಚಾಯಿತು. ೧೯೪೬ರ ಮಾರ್ಚಿಯಲ್ಲಿ, ಸತ್ತ ಹುಲಿ ಚಿರತೆಗಳಿಗೆ ಜೀವಕಳೆ ಕೊಡುವ ಕಸುಬಿನಿಂದ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಉಪನದಿ ಕಪಿಲೆಯಲ್ಲಿ ೧೨೦ ಪೌಂಡು ತೂಕದ, ಎಂದರೆ ಸುಮಾರು ೫೪ ಕಿಲೋಗ್ರಾಂನ ಮಹಶೀರನ್ನು ಹಿಡಿದರು. ಗಾಳದಿಂದ ಹಿಡಿದ ಮಹಶೀರುಗಳಲ್ಲಿ ಇಷ್ಟು ದೊಡ್ಡದು ಮತ್ತೊಂದು ದಾಖಲೆಯಾಗಿಲ್ಲ.

ಈ ದೈತ್ಯ ಮೀನುಗಳ ಹಳೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಒಂದು ಲಕ್ಷಣ ಎದ್ದು ಕಾಣುತ್ತದೆ. ತಲೆಯ ಹಿಂದಿನಿಂದ ಬೆನ್ನಿನ ಈಜುರೆಕ್ಕೆಯವರೆಗೆ ಮೈ ಗೂನಿನಂತೆ ಉಬ್ಬಿದೆ. ಬದುಕಿದ್ದಾಗ ಕಂಡವರು ಇನ್ನೊಂದನ್ನೂ ಹೇಳಿದ್ದಾರೆ: ಮೈಗೆ ಹೊನ್ನಿನ ಛಾಯೆ, ಬಾಲದ ರೆಕ್ಕೆಗೆ ಕೆಂಪುಗೂಡಿದ ಕಿತ್ತಳೆಯ ಬಣ್ಣ. ಸೈಕ್ಸ್ ವರ್ಣಿಸಿದ ಖುದ್ರೀ ಇಂಥದಲ್ಲ. ಅದರ ಬೆನ್ನಿಗೆ ಗೂನಿಲ್ಲ. ರೆಕ್ಕೆಗಳಲ್ಲಿ ನೀಲಿಯ ಛಾಯೆ. ಗೂನುಬೆನ್ನಿನದು ಒಂದು, ನೀಲಿ ರೆಕ್ಕೆಯದು ಇನ್ನೊಂದು. ಇಷ್ಟು ಸುಲಭವಾದುದನ್ನು ಗುರುತಿಸಲು ಕಷ್ಟವೇನು ಎಂದು ಓದುಗರು ಕೇಳಬಹುದು.

ಕಷ್ಟವಿದೆ. ಮರಿ ಮೀನಿನಲ್ಲಿ ಗೂನು ಇನ್ನೂ ಬೆಳೆದಿರುವುದಿಲ್ಲ. ಬಣ್ಣ ನೀರಿನಿಂದ ನೀರಿಗೆ, ವಯಸ್ಸಿನಿಂದ ವಯಸ್ಸಿಗೆ ವ್ಯತ್ಯಾಸವಾಗುತ್ತದೆ. ಸಾರಾಯಿಯ ಸೀಸೆಯಲ್ಲಿಟ್ಟ ಮೀನಿನಲ್ಲಂತೂ ಉಳಿಯುವುದೇ ಇಲ್ಲ. ತುಟಿಯನ್ನು ನೋಡಿ ಹೇಳೋಣವೆಂದರೆ, ಕಲ್ಲಿನ ಸಂದುಗಳಲ್ಲಿ ಆಹಾರ ಕೆದಕುವ ಮೀನಿಗೆ ದಪ್ಪನೆಯ ತುಟಿ ಬೆಳೆಯುವುದುಂಟು, ಅದೇ ಜಾತಿಯ ಇನ್ನೊಂದಕ್ಕೆ ಬೆಳೆಯದಿರುವುದುಂಟು. ದೊಡ್ಡ ಮೀನಿನ ಮಾತು ಇನ್ನೊಂದು ಬಗೆ. ಐವತ್ತು ಕಿಲೋಗ್ರಾಂ ತೂಗುವ ಮೀನನ್ನು ಯಾವ ವಸ್ತುಸಂಗ್ರಹಾಲಯದ ಸೀಸೆಯಲ್ಲಿ ಇಡುವುದು? ಬೇಟೆಗಾರ ಅದರ ಚಿತ್ರ ತೆಗೆಸಿಕೊಂಡ, ವಿದ್ವಾಂಸನ ಮೇಜಿಗೆ ಬಂದುದು ಗೇಣುದ್ದದ ಮರಿ. ಹೀಗಾಗಿ ಗೂನನ್ನು ಕಂಡವರು ಶಾಸ್ತ್ರ ಬರೆಯಲಿಲ್ಲ, ಶಾಸ್ತ್ರ ಬರೆದವರು ಗೂನನ್ನು ಕಾಣಲಿಲ್ಲ.

ನೀರಿನ ಜೀವಿಗಳನ್ನು ವಿಂಗಡಿಸಹೊರಟವರಿಗೆಲ್ಲ ಈ ಪಾಡು ತಪ್ಪಿದ್ದಲ್ಲ. ನಾವು ಫಲೂದಾ, ಪುಡ್ಡಿಂಗುಗಳಿಗೆ ಹಾಕುವ ಚೈನಾ ಗ್ರಾಸ್ ಬರುವುದು ಕಡಲಿನ ಕೆಂಪು ಪಾಚಿಗಳಿಂದ. ಈ ಪಾಚಿಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಮೀನಿನ ವಿಷಯಕ್ಕಿಂತಲೂ ತೊಡಕಿನದು. ಜಪಾನಿನವರು ನೋರಿ ಎಂದು ತಿನ್ನುವ ಪಾಚಿಯ ಕುಲಕ್ಕೆ ಆಗ ಪಾರ್ಫೈರಾ ಎಂದು ಹೆಸರಿತ್ತು. ಚಿಪ್ಪುಗಳೊಳಗೆ ಬೆಳೆಯುವ ನವಿರಾದ ಕೆಂಪು ಎಳೆಗಳಿಗೆ ಕಾಂಕೊಸೆಲಿಸ್ ಎಂಬ ಬೇರೆಯೇ ಹೆಸರಿತ್ತು. ಇವೆರಡೂ ಒಂದೇ ಪಾಚಿಯ ಬಾಳಿನ ಎರಡು ಹಂತಗಳೆಂಬುದನ್ನು ೧೯೪೯ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಎಂಬ ವಿದುಷಿ ತೋರಿಸಿಕೊಟ್ಟಳು. ಬೀಜ ಎಲ್ಲಿಂದ ಬರುತ್ತದೆಂದು ತಿಳಿಯದೆ ಕಂಗೆಟ್ಟಿದ್ದ ಜಪಾನಿನ ನೋರಿ ಬೇಸಾಯಗಾರರು ಇದರಿಂದ ಬದುಕಿಕೊಂಡರು. ೧೯೬೩ರಲ್ಲಿ ಆಕೆಯ ಸ್ಮಾರಕವನ್ನೂ ನಿಲ್ಲಿಸಿದರು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಐಸ್‌ಕ್ರೀಮು, ಹಲ್ಲುಜ್ಜುವ ಪೇಸ್ಟುಗಳನ್ನು ಗಟ್ಟಿಮಾಡಲು ಬಳಸುವ ಅಂಟಿಗಾಗಿ ಫಿಲಿಪೀನ್ಸಿನಲ್ಲಿ ೧೯೭೦ರ ದಶಕದಿಂದ ಬೇಸಾಯಮಾಡಿದ ಕೆಂಪು ಪಾಚಿಗಳೆಲ್ಲ ಯೂಕೀಮಾ ಎಂಬ ಒಂದೇ ಕುಲದ ಹೆಸರಿನಲ್ಲಿದ್ದವು. ಕೆಲವು ಬಿರುಸಾದ ಅಂಟನ್ನೂ ಕೆಲವು ಮೆತುವಾದ ಅಂಟನ್ನೂ ಕೊಡುವುದನ್ನು ಗಮನಿಸಿದ ಮೇಲೆ ೧೯೮೦ರ ದಶಕದಲ್ಲಿ ಕಪ್ಪಾಫೈಕಸ್ ಎಂಬ ಕುಲವನ್ನು ಬೇರೆಮಾಡಿದರು. ಈ ಕಪ್ಪಾಫೈಕಸ್ ಬೇಸಾಯಕ್ಕೆಂದು ತಮಿಳುನಾಡಿನ ಕಡಲಿಗೂ ಬಂದಿತು. ೨೦೦೮ರ ವೇಳೆಗೆ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಹವಳದ ದಿಬ್ಬಗಳ ಮೇಲೆ ಹಬ್ಬಿದ್ದು ಕಂಡುಬಂದಿತು. ಒಂದನ್ನು ಎರಡೆಂದುಕೊಳ್ಳುವ ತಪ್ಪಿನಿಂದ ಬೇಸಾಯಗಾರರ ದುಡಿಮೆ ಕೆಡುತ್ತದೆ. ಎರಡನ್ನು ಒಂದೆಂದುಕೊಳ್ಳುವ ತಪ್ಪು ಅದಕ್ಕಿಂತ ಘೋರವಾದುದು. ಆಗ ಒಂದು ಅಳಿದರೂ ಅಳಿದದ್ದು ಗೊತ್ತಾಗುವುದಿಲ್ಲ. ನಮ್ಮ ಮಹಶೀರಿನ ಕಥೆ ಈ ಎರಡನೆಯ ಬಗೆಯದು.

೧೯೧೧ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ೧೯೩೪ರಲ್ಲಿ ಕೆಳಗೆ ಮೆಟ್ಟೂರಿನ ಕಟ್ಟೆ ಮುಗಿಯಿತು. ಕನ್ನಂಬಾಡಿಯ ನೀರಿನಿಂದ ಮಂಡ್ಯ ಕಬ್ಬಿನ ನಾಡಾಯಿತು, ೧೯೩೯ರಲ್ಲಿ ಬೇರೆ ಜಿಲ್ಲೆಯೇ ಆಯಿತು. ಆ ನೀರುಂಡು ಬೆಳೆದವರು ಕಟ್ಟೆಯನ್ನು ದೂರುವಂತಿಲ್ಲ. ಆದರೆ ಮೊಟ್ಟೆಯಿಡಲು ಪ್ರವಾಹದ ವಿರುದ್ಧ ಮೇಲಕ್ಕೇರುವ ಮೀನಿಗೆ ದಾರಿ ಮುಚ್ಚಿತೆಂಬುದೂ ನಿಜ. ಅದರ ಮೇಲೆ ಮಡುಗಳಲ್ಲಿ ಮದ್ದು ಸಿಡಿಸಿ ಮೀನು ಹಿಡಿಯುವ ಕೆಟ್ಟ ಚಾಳಿ ಬಂದಿತು. ಒಂದು ಸಿಡಿತಕ್ಕೆ ದೊಡ್ಡದು ಚಿಕ್ಕದು ಎನ್ನದೆ ಮಡುವೇ ಬರಿದಾಗುತ್ತದೆ. ಮರಳು ತೆಗೆಯುವವರು ಹೊಳೆಯ ತಳವನ್ನೇ ಅಗೆದರು. ೧೯೭೦ರ ಹೊತ್ತಿಗೆ ಮಹಶೀರ್ ಮುಗಿಯಿತೆಂದೇ ಅನೇಕರು ತಿಳಿದಿದ್ದರು.

ಆಗ ಮುಂದೆ ಬಂದವರು ಒಳ್ಳೆಯ ಮನಸ್ಸಿನವರೇ. ಪುಣೆಯ ಬಳಿಯ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಮಹಶೀರಿನ ಮೊಟ್ಟೆಯನ್ನು ಕೃತಕವಾಗಿ ಮರಿಮಾಡುವ ವಿಧಾನವನ್ನು ಸಾಧಿಸಿದರು. ಅದು ಸಣ್ಣ ಸಾಧನೆಯಲ್ಲ. ಅಲ್ಲಿ ಹುಟ್ಟಿದ ಮರಿಗಳು ದೇಶದ ನಾನಾ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಇತ್ತ ಬೆಂಗಳೂರಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗದಲ್ಲಿ ಕಾವಲಿಟ್ಟು, ಮರಿಗಳನ್ನು ಬಿಟ್ಟು, ಮದ್ದು ಹಾಕುವವರನ್ನು ತಡೆಯಿತು. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡ ಮಾಕಳಿಗಳಲ್ಲಿ ಗಾಳದ ಬಿಡಾರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೆ ಬಿಡಬೇಕೆಂಬುದು ಅಲ್ಲಿಯ ನೇಮ. ಹಿಂದೆ ಮದ್ದು ಹಾಕುತ್ತಿದ್ದವರಲ್ಲಿ ಕೆಲವರೇ ಹರಿಗೋಲು ನಡೆಸುವ ಮಾರ್ಗದರ್ಶಕರಾದರು. ಮೀನು ಮತ್ತೆ ಹೆಚ್ಚಿತು, ದೇಶವಿದೇಶಗಳ ಗಾಳಗಾರರು ಬಂದರು, ಎಲ್ಲರಿಗೂ ಸಂತೋಷವಾಯಿತು.

ಆದರೆ ಲೋಣಾವಳದ ಮರಿಗಳು ಖುದ್ರೀ ಜಾತಿಯವು, ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯವು. ‘ಮಹಶೀರ್ ಕಡಿಮೆಯಾಗಿದೆ, ಮಹಶೀರನ್ನು ಬಿಡೋಣ’ ಎಂಬ ಮಾತಿನಲ್ಲಿ ಮೊದಲನೆಯ ಮಹಶೀರ್ ಒಂದು, ಎರಡನೆಯದು ಇನ್ನೊಂದು. ಒಂದೇ ಹೆಸರು ಎರಡನ್ನೂ ಹೊದ್ದುಕೊಂಡಿದ್ದುದರಿಂದ ಈ ಅದಲುಬದಲು ಯಾರ ಕಣ್ಣಿಗೂ ಬೀಳಲಿಲ್ಲ.

ಕಣ್ಣಿಗೆ ಬಿದ್ದುದು ಕಾಗದದ ಮೇಲೆ. ಗಾಳಿಬೋರೆಯ ಬಿಡಾರದಲ್ಲಿ ಹಿಡಿದ ಪ್ರತಿಯೊಂದು ಮೀನಿನ ಲೆಕ್ಕವನ್ನೂ ಬರೆದಿಡುವ ಪದ್ಧತಿಯಿತ್ತು. ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯದು ಸಿಕ್ಕಿತು, ತೂಕವೆಷ್ಟು ಎಂಬ ವಿವರ. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದವರು ೧೯೯೮ರಿಂದ ೨೦೧೨ರವರೆಗಿನ ಈ ಪುಸ್ತಕಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಒಟ್ಟು ಮೀನು ಹೆಚ್ಚಿದ್ದುದು ನಿಜ. ಹೆಚ್ಚಿದ್ದೆಲ್ಲವೂ ನೀಲಿ ರೆಕ್ಕೆಯದು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ ಬಂದಿತ್ತು, ಸಿಕ್ಕವು ಹೆಚ್ಚುಹೆಚ್ಚು ದೊಡ್ಡವಾಗಿದ್ದವು. ದೊಡ್ಡದು ಸಿಕ್ಕಿತೆಂದು ಗಾಳಗಾರ ಹಿಗ್ಗಿದ. ಲೆಕ್ಕ ನೋಡಿದವರು ಹಿಗ್ಗಲಿಲ್ಲ. ಮನೆಯಲ್ಲಿ ಮುದುಕರಷ್ಟೇ ಉಳಿದು ಮಕ್ಕಳ ಸದ್ದು ಕೇಳದಿದ್ದರೆ ಆ ವಂಶದ ಮುಂದಿನ ಗತಿಯೇನೆಂದು ಬೇರೆ ಹೇಳಬೇಕೆ?

ಇಷ್ಟು ತಿಳಿದರೂ ಒಂದು ಅಡ್ಡಿ ಉಳಿದಿತ್ತು. ವಿನಾಶದ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾದರೆ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರಿರಬೇಕು. ಗೂನುಬೆನ್ನಿನದನ್ನು ಕೆಲವರು ಸೈಕ್ಸನ ‘ಮುಸುಲ್ಲಾ’ ಎಂದು ಕರೆದಿದ್ದರು. ಮುಸುಲ್ಲಾ ಮಹಶೀರೇ ಅಲ್ಲ, ಅದರ ದಾಯಾದಿಯಾದ ಬೇರೊಂದು ಕುಲದ ಮೀನು ಎಂದು ಆ ಬಳಿಕ ತೀರ್ಮಾನವಾಯಿತು. ಇದ್ದ ಎರವಲು ಹೆಸರೂ ಹೋಯಿತು. ನೂರು ವರ್ಷಗಳಿಂದ ಜಗತ್ತಿನ ಗಾಳಗಾರರೆಲ್ಲ ಕೊಂಡಾಡಿದ ಮೀನು ಶಾಸ್ತ್ರದ ಲೆಕ್ಕದಲ್ಲಿ ಅನಾಮಿಕವಾಗಿ ನಿಂತಿತು.

ಉತ್ತರ ದೊರೆತುದು ಕೇರಳದ ಒಂದು ಕಾಡಿನ ಹೊಳೆಯಲ್ಲಿ. ಚಿನ್ನಾರ್ ಅಭಯಾರಣ್ಯದಲ್ಲಿ ಹರಿಯುವ ಪಾಂಬಾರ್ ಕೇರಳದ ಹೆಚ್ಚಿನ ನದಿಗಳಂತೆ ಪಡುಗಡಲಿಗೆ ಹೋಗುವುದಿಲ್ಲ. ಪೂರ್ವಕ್ಕೆ ತಿರುಗಿ ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಅಲ್ಲಿ ದೊರೆತ ಸಣ್ಣ ಸಣ್ಣ ಮಹಶೀರುಗಳನ್ನು ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ೨೦೦೭ರಲ್ಲೇ ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮತ್ಸ್ಯವಿಜ್ಞಾನಿ ರೇಮಾದೇವಿಯವರ ಗೌರವಾರ್ಥವಾಗಿ ‘ಟಾರ್ ರೇಮಾದೇವಿಐ’ ಎಂದು ಹೆಸರಿಟ್ಟಿದ್ದರು. ಆ ಸಣ್ಣ ಮೀನಿಗೂ ಕಾವೇರಿಯ ದೈತ್ಯನಿಗೂ ನಂಟಿದೆಯೆಂದು ಆಗ ಯಾರಿಗೂ ತೋಚಿರಲಿಲ್ಲ. ಪಿಂಡರ್, ರಾಘವನ್ ಮತ್ತು ಅವರ ಸಂಗಡಿಗರು ನೀಲಗಿರಿಯ ಮೋಯಾರ್ ಹೊಳೆಯಲ್ಲಿ ಇನ್ನೂ ಉಳಿದಿದ್ದ ಗೂನುಬೆನ್ನಿನ ಮೀನುಗಳ ಅಂಗಲಕ್ಷಣಗಳನ್ನೂ ವಂಶವಾಹಿಗಳನ್ನೂ ತಾಳೆ ನೋಡಿ, ಎರಡೂ ಒಂದೇ ಎಂದು ೨೦೧೮ರಲ್ಲಿ ಸಾಧಿಸಿದರು. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಸೈಕ್ಸನ ಕಾಲದಿಂದ ಎಣಿಸಿದರೆ ಒಟ್ಟು ೧೭೯ ವರ್ಷ. ಹೆಸರು ಬಂದ ದಿನವೇ ಅಪಾಯದ ಚೀಟಿಯೂ ಬಂದಂತಾಯಿತು.

ಈ ಇಳಿತಕ್ಕೆ ಲೋಣಾವಳದ ಮರಿಗಳೊಂದೇ ಕಾರಣವೆಂದರೆ ಅನ್ಯಾಯವಾದೀತು. ಕಟ್ಟೆಗಳು, ಮರಳುಗಳ್ಳತನ, ಸಿಡಿಮದ್ದು, ಬೇಸಿಗೆಯಲ್ಲಿ ಬತ್ತುವ ಹೊಳೆ, ಎಲ್ಲವೂ ಸೇರಿವೆ. ಹೊರಗಿನ ಮೀನು ಆಹಾರಕ್ಕೂ ನೆಲೆಗೂ ಪೈಪೋಟಿ ಕೊಟ್ಟಿತೆಂಬುದು ವಿದ್ವಾಂಸರ ಬಲವಾದ ಶಂಕೆ. ಆದರೆ ಒಂದು ಮಾತನ್ನು ನಿಸ್ಸಂದೇಹವಾಗಿ ಹೇಳಬಹುದು. ಎರಡನ್ನು ಬೇರೆಮಾಡಿ ನೋಡುವ ಕಣ್ಣು ೧೯೭೦ರ ದಶಕದಲ್ಲಿಯೇ ಇದ್ದಿದ್ದರೆ, ಅಂದು ಪಟ್ಟ ಶ್ರಮ, ಇಟ್ಟ ಕಾವಲು, ಬಿಟ್ಟ ಮರಿ ಇವೆಲ್ಲವೂ ಕಾವೇರಿಯ ಸ್ವಂತ ಮೀನಿಗೆ ಸಲ್ಲುತ್ತಿದ್ದವು. ಪ್ರೀತಿಗೆ ಕೊರತೆಯಿರಲಿಲ್ಲ, ವಿಳಾಸ ತಪ್ಪಿತ್ತು.

ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ವಿದ್ವಾಂಸರನ್ನು ಕಂಡು ನಗುವುದು ನಮ್ಮಲ್ಲಿ ವಾಡಿಕೆ. ಹುರುಪೆಗಳನ್ನು ಎಣಿಸುತ್ತ, ಪಾಚಿಯ ಎಳೆಯನ್ನು ಸೂಕ್ಷ್ಮದರ್ಶಕದಡಿ ಸೀಳುತ್ತ ಕೂರುವವರ ಕೆಲಸ ಊರಿಗುಪಕಾರವಿಲ್ಲದ ಕಾಲಹರಣವೆಂದು ತೋರುವುದು ಸಹಜ. ಗದ್ದೆಗಿಳಿದ ಹೆಂಗಸು ಹಾಗೆ ನಗಲಾರಳು. ಪೈರನ್ನೂ ಕಳೆಯನ್ನೂ ಬೇರೆಮಾಡದೆ ನೀರು ಗೊಬ್ಬರ ಕೊಟ್ಟರೆ ಯಾವುದು ಕೊಬ್ಬುತ್ತದೆಂಬುದನ್ನು ಆಕೆ ಬಲ್ಲಳು. ಮಳವಳ್ಳಿಯ ಅಂಚಿನ ಮಡುಗಳಲ್ಲಿ ಗೂನುಬೆನ್ನಿನ ಮೀನು ಇನ್ನು ಎಷ್ಟು ಉಳಿದಿವೆಯೋ ಅವನ್ನಾದರೂ ಅವುಗಳ ಹೆಸರು ಹಿಡಿದು ಕಾಯುವುದು ಈಗ ಸಾಧ್ಯವಾಗಿದೆ. ಮುತ್ತನ್ನು ಮಡುವಿನಿಂದ ಎತ್ತಿದ ಮೇಲೆ ಮತ್ತೆ ನೀರಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ದಡದಲ್ಲಿ ನಿಂತವರದು.